ಆಗಲ್ಲ ಅನ್ನಲಿ, ಆದರೆ ಎಲ್ಲಿ ಆಗುತ್ತೆ ಅಂತ ಹೇಳಲಿ

ಕಳೆದ ಹುತ್ತರಿ ಹಬ್ಬಕ್ಕೆ ಕೊಡಗಿನ ನಮ್ಮ ಊರಿಗೆ ಹೋಗಿದ್ದೆ. ಸೋಮವಾರಪೇಟೆಯಿಂದ ಒಳಗೆ ನಮ್ಮ ತೋಟ. ಕಾಫಿ ಹಣ್ಣಾಗಿ ಕೊಯ್ಲು ಶುರುವಾಗಿತ್ತು. ಮೂರನೇ ದಿನ ಬೆಳಿಗ್ಗೆ ತೋಟದ ಕೂಲಿಯವರ ಲೈನ್ ಮನೆಯ ಹುಡುಗಿಯೊಬ್ಬಳು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. ಅಮ್ಮ ಕಾಫಿ ಕೊಟ್ಟರೂ ಕುಡಿಯಲಿಲ್ಲ. "ಅಕ್ಕಾ, ಇದರಲ್ಲಿ ಏನು ಬರೆದಿದ್ದಾರೆ ನೋಡಿ" ಅಂತ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟಳು. ಒಳಗೆ ಆಧಾರ್ ಕಾರ್ಡು, ಹಿಂದಿನ ಹೆರಿಗೆಯ ತಾಯಿ ಕಾರ್ಡು, ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ. ಚೀಟಿಯಲ್ಲಿ ಅವಳ ಹೆಸರು, ವಯಸ್ಸು, ಕೆಳಗೆ ಒಂದೇ ಸಾಲು: "ಗಂಡನ ಜೊತೆ ಬರಬೇಕು."

ಅವಳಿಗೆ ಇಬ್ಬರು ಮಕ್ಕಳು. ಚಿಕ್ಕದಕ್ಕೆ ಇನ್ನೂ ವರ್ಷ ತುಂಬಿಲ್ಲ. ಮತ್ತೆ ಬಸಿರಾಗದಿರಲಿ ಅಂತ ವಂಕಿ (ಕಾಪರ್ ಟಿ) ಹಾಕಿಸಿಕೊಂಡಿದ್ದಳು, ಅದು ಯಾವಾಗ ಬಿದ್ದುಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಮುಟ್ಟು ನಿಂತಿತು, ಬಸಿರಿನ ಎಂಟನೇ ವಾರಕ್ಕೆ ಗರ್ಭ ತೆಗೆಸಬೇಕು ಅಂತ ಆಸ್ಪತ್ರೆಗೆ ಹೋದಳು. ಗಂಡ ಕೂಲಿಗೆ ವಯನಾಡಿಗೆ ಹೋದವನು ತಿಂಗಳಿಂದ ಫೋನ್ ಎತ್ತಿಲ್ಲ. ಮೊದಲ ಸಲ ಡಾಕ್ಟರು ಮುಂದಿನ ವಾರ ಬಾ ಅಂದರು. ಎರಡನೇ ಸಲ ಸ್ಕ್ಯಾನಿಂಗ್ ಮಿಷನ್ ಸರಿಯಿಲ್ಲ ಅಂದರು. ಮೂರನೇ ಸಲ ಈ ಚೀಟಿ. ಕೊಯ್ಲಿನ ಕಾಲದಲ್ಲಿ ಕೂಲಿ ಕಿಲೋ ಲೆಕ್ಕ. ಒಂದೊಂದು ಸಲ ಹೋಗಿ ಬರಲೂ ಒಂದೊಂದು ದಿನದ ದುಡಿಮೆ ಹೋಯಿತು.

ನಾನು ಜೊತೆಗೆ ಹೋದೆ. ಡಾಕ್ಟರು ನನ್ನ ಜೊತೆ ಮರ್ಯಾದೆಯಿಂದಲೇ ಮಾತಾಡಿದರು, ಆದರೆ ಅದೇ ಮಾತು: ಗಂಡ ಬರಲಿ. ಹೊರಗೆ ಬಂದಾಗ ಸಿಸ್ಟರ್ ಒಬ್ಬರು ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು. "ಸುಮ್ನೆ ಅಲೆದಾಡಿಸಬೇಡಿ ಅಕ್ಕಾ. ಗಂಡ ಬಂದ್ರೂ ಸಾರ್ ಮಾಡಲ್ಲ. ಅವರಿಗೆ ದೇವರು ಜಾಸ್ತಿ. ಪಾಪ ಬರುತ್ತೆ ಅಂತಾರೆ."

ನನಗೆ ಚುಚ್ಚಿದ್ದು ಅದೇ. ಪಾಪದ ಭಯ ಇರಲಿ, ಅದು ಅವರ ಮನಸ್ಸು. ಆ ಮಾತನ್ನು ಅವಳಿಗೆ ಮೊದಲ ದಿನವೇ ಯಾಕೆ ಹೇಳಲಿಲ್ಲ?

ನಾನು ಒಂಬತ್ತು ವರ್ಷದಿಂದ ಐರ್ಲೆಂಡಿನ ಕಾರ್ಕ್‌ನಲ್ಲಿದ್ದೇನೆ. ಎರಡು ವರ್ಷದ ಹಿಂದೆ ಪಕ್ಕದ ಮನೆಯ ದಾವಣಗೆರೆ ಹುಡುಗಿ, "ಅಕ್ಕಾ, ಜೊತೆಗೆ ಬರ್ತೀರಾ" ಅಂತ ಕೇಳಿದಳು. ಅವಳದೂ ಇದೇ ಸಂಕಟ. ಅವಳ ಜಿಪಿ, ಅಂದರೆ ಮೊದಲು ತೋರಿಸುವ ಫ್ಯಾಮಿಲಿ ಡಾಕ್ಟರು, ವಯಸ್ಸಾದ ಮನುಷ್ಯ, ಗೋಡೆಯ ಮೇಲೆ ಸಣ್ಣದೊಂದು ಶಿಲುಬೆ. ಅವರು ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ, "ಇದನ್ನು ನಾನು ಮಾಡುವುದಿಲ್ಲಮ್ಮ, ನನ್ನ ನಂಬಿಕೆ ಒಪ್ಪುವುದಿಲ್ಲ. ಅದು ನನ್ನ ವಿಷಯ, ನಿನ್ನ ತಪ್ಪಲ್ಲ" ಅಂದರು. ಅಲ್ಲೇ ಫೋನ್ ಎತ್ತಿ ಇನ್ನೊಬ್ಬ ಡಾಕ್ಟರ ಹತ್ತಿರ ಮಾರನೇ ದಿನದ ಅಪಾಯಿಂಟ್‌ಮೆಂಟ್ ಮಾಡಿಸಿದರು. ಹಳದಿ ಚೀಟಿಯಲ್ಲಿ ವಿಳಾಸ, ಸಮಯ, ಬಸ್ಸಿನ ನಂಬರ್ ಬರೆದುಕೊಟ್ಟರು. ಹತ್ತು ನಿಮಿಷದಲ್ಲಿ ಹೊರಗೆ ಬಂದೆವು. ಕಾರಿನಲ್ಲಿ ಕೂತ ಮೇಲೆ ಅವಳು ಅಳುತ್ತಾ, "ಅಕ್ಕಾ, ಅವರು ಬೈಲೇ ಇಲ್ವಲ್ಲ" ಅಂದಳು.

ಇದು ಬರೀ ಆ ಡಾಕ್ಟರ ಒಳ್ಳೆಯತನ ಅಲ್ಲ, ಅಲ್ಲಿನ ಕಾನೂನೇ ಹಾಗಿದೆ. 2018ರ ಕಾಯ್ದೆಯ 22ನೇ ಕಲಮಿನ ಪ್ರಕಾರ ಡಾಕ್ಟರಾಗಲಿ ನರ್ಸಾಗಲಿ ಮನಸ್ಸು ಒಪ್ಪದಿದ್ದರೆ ಗರ್ಭಪಾತ ಮಾಡದೆ ಇರಬಹುದು. ಆದರೆ ಆಕೆಗೆ ಬೇರೆ ಕಡೆ ಏರ್ಪಾಡು ಮಾಡಿಕೊಡಲೇಬೇಕು, ತಡ ಮಾಡುವಂತಿಲ್ಲ. ಜೀವಕ್ಕೆ ತುರ್ತು ಅಪಾಯ ಇದ್ದರೆ ಮಾಡಲ್ಲ ಅನ್ನುವಂತೆಯೇ ಇಲ್ಲ.

ನಮ್ಮಲ್ಲಿ ಕಾಗದದ ಮೇಲೆ ಇನ್ನೂ ಬಿಗಿ. ವೈದ್ಯರ ನಡವಳಿಕೆಗೆ 2002ರಲ್ಲಿ ಮಾಡಿದ ನಿಯಮದಲ್ಲಿ, ವೈದ್ಯಕೀಯ ಅಗತ್ಯ ಇರುವಾಗ ಬರೀ ಧರ್ಮದ ಕಾರಣಕ್ಕೆ ಗರ್ಭಪಾತವಾಗಲಿ ಸಂತಾನಹರಣವಾಗಲಿ ಮಾಡುವುದಿಲ್ಲ ಅನ್ನಬಾರದು ಅಂತ ಬರೆದಿದೆ. ಗರ್ಭಪಾತದ 1971ರ ಕಾಯ್ದೆಯಲ್ಲಿ ಹದಿನೆಂಟು ತುಂಬಿದ ಹೆಂಗಸಿಗೆ ಅವಳದೇ ಒಪ್ಪಿಗೆ ಸಾಕು. ಗಂಡನ ಸಹಿ ಎಲ್ಲೂ ಕೇಳಿಲ್ಲ. 2021ರ ತಿದ್ದುಪಡಿ ಆದಮೇಲೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಇಷ್ಟೆಲ್ಲ ಇದ್ದೂ ನಮ್ಮ ಹುಡುಗಿ ಮೂರು ಸಲ ಸುಮ್ಮನೆ ಹೋಗಿ ಬಂದಳು. ನಂಬಿಕೆಯ ಹೆಸರೇ ಎತ್ತದೆ ಮಿಷನ್ನು, ಗಂಡ, ಮುಂದಿನ ವಾರ ಅಂತ ಹೇಳುತ್ತಿದ್ದರೆ ಯಾವ ನಿಯಮ ತಾನೇ ಹಿಡಿಯುತ್ತದೆ?

ಕೊನೆಗೆ ಕುಶಾಲನಗರ, ಹುಣಸೂರು ದಾಟಿ ಮೈಸೂರಿಗೆ ಕರೆದುಕೊಂಡು ಹೋದೆ. ಜೀಪಿನಲ್ಲಿ ಅವಳ ಮಡಿಲಲ್ಲಿ ಮಗು, ಮಗುವಿನ ಕೈಯಲ್ಲಿ ಆ ಪ್ಲಾಸ್ಟಿಕ್ ಕವರ್. ಅಷ್ಟರಲ್ಲಿ ಹನ್ನೊಂದು ವಾರ ದಾಟಿತ್ತು. ಒಂಬತ್ತು ವಾರದ ಒಳಗಾಗಿದ್ದರೆ ಮಾತ್ರೆಯಲ್ಲೇ ಮುಗಿಯಬಹುದಿತ್ತು. ಈಗ ಟೇಬಲ್ ಮೇಲೆ ಮಲಗಿಸಬೇಕಾಯಿತು. ಗುಡ್ಡದ ಜಿಲ್ಲೆ, ರೈಲಿಲ್ಲ, ಸಂಜೆಯಾದರೆ ಒಳದಾರಿಗೆ ಬಸ್ಸಿಲ್ಲ. ಬೆಂಗಳೂರಿನಲ್ಲಿ ಒಬ್ಬ ಡಾಕ್ಟರು ಆಗಲ್ಲ ಅಂದರೆ ಎದುರು ರಸ್ತೆಯಲ್ಲೇ ಇನ್ನೊಬ್ಬರಿರುತ್ತಾರೆ. ಕೊಡಗಿನಲ್ಲಿ ಒಬ್ಬರು ಆಗಲ್ಲ ಅಂದರೆ ಮುಂದಿನ ಬಾಗಿಲು ಎಷ್ಟೋ ಸಲ ಮೈಸೂರು, ಇಲ್ಲಾ ಮಂಗಳೂರು.

ಹಾಗಂತ ಐರ್ಲೆಂಡಿಗೆ ಈ ಬುದ್ಧಿ ಸುಮ್ಮನೆ ಬರಲಿಲ್ಲ. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಹಲ್ಲಿನ ಡಾಕ್ಟರು, ವಯಸ್ಸು 31. 2012ರ ಅಕ್ಟೋಬರಿನಲ್ಲಿ ಗಾಲ್ವೇಯ ಆಸ್ಪತ್ರೆಯಲ್ಲಿ, ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾದಮೇಲೂ, ಮಗುವಿನ ಎದೆಬಡಿತ ಇದೆ ಅಂತ ತೆಗೆಯಲಿಲ್ಲ. ಸೋಂಕು ರಕ್ತಕ್ಕೆ ಏರಿ ಜೀವ ಹೋಯಿತು. ಅಂದು ಅಡ್ಡ ಬಂದದ್ದು ಒಬ್ಬ ಡಾಕ್ಟರ ನಂಬಿಕೆ ಅಲ್ಲ, ಇಡೀ ದೇಶದ ನಂಬಿಕೆ ಸಂವಿಧಾನದಲ್ಲೇ ಕೂತಿತ್ತು. 2018ರ ಮೇ ತಿಂಗಳಲ್ಲಿ ಜನ ವೋಟು ಹಾಕಿ ಅದನ್ನು ತೆಗೆದರು. ಆ ದಿನ ಸವಿತಾ ಫೋಟೋದ ಮುಂದೆ ಗುರುತು ಪರಿಚಯ ಇಲ್ಲದವರು ಹೂವಿಟ್ಟರು. ಕನ್ನಡದ ಹುಡುಗಿಯ ಜೀವ ಕೊಟ್ಟು ಅವರು ಕಲಿತ ಪಾಠದ ಫಲವನ್ನು ಆ ದಾವಣಗೆರೆಯ ಹುಡುಗಿ ಉಂಡಳು. ಈಗಲೂ ಅಲ್ಲಿ ಮೂರು ದಿನ ಕಾಯಬೇಕು. ಹೆಚ್ಚಿನವರಿಗೆ 12 ವಾರದವರೆಗೆ ಮಾತ್ರ ಅವಕಾಶ, ನಮ್ಮದಕ್ಕಿಂತ ಕಡಿಮೆ. ಹಳ್ಳಿ ಕಡೆ ಈ ಕೆಲಸ ಮಾಡದ ಜಿಪಿಗಳು ಎಷ್ಟೋ ಜನ.

ನಮ್ಮ ಡಾಕ್ಟರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಾನು ಸಿಟ್ಟಲ್ಲಿ ಫೋನಿನಲ್ಲಿ ಕೂಗಾಡಿದಾಗ ಅಮ್ಮ ನೆನಪು ಮಾಡಿದರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರದಲ್ಲಿ ಹಗಲು ರಾತ್ರಿ ಇದ್ದವರು ಅವರೇ. ನಮ್ಮ ದೊಡ್ಡಪ್ಪನ ಕಾಲು ಉಳಿಸಿದವರೂ ಅವರೇ. ಒಪ್ಪುತ್ತೇನೆ. ಅವರು ಕೆಟ್ಟವರಲ್ಲ.

ಆದರೂ ಹೋದ ವಾರ ಅವರಿಗೆ ಒಂದು ಕಾಗದ ಬರೆದೆ. ಬೈದಿಲ್ಲ. ನಿಮ್ಮಿಂದ ಆಗದಿದ್ದರೆ ಚೀಟಿಯಲ್ಲಿ ಗಂಡನ ಬದಲು ಮೈಸೂರಿನ ಆಸ್ಪತ್ರೆಯ ಹೆಸರು, ಒಂದು ಫೋನ್ ನಂಬರ್ ಬರೆದುಕೊಡಿ ಸಾರ್ ಅಂತ ಕೇಳಿದ್ದೇನೆ. ನಂಬರನ್ನೂ ನಾನೇ ಹುಡುಕಿ ಕೆಳಗೆ ಬರೆದಿದ್ದೇನೆ.