ಪುಸ್ತಕದಲ್ಲಿ ಹಾಗಿರಲಿಲ್ಲ

ಥಿಯೇಟರಿನಲ್ಲಿ ದೀಪ ಆರಿದೆ. ತೆರೆಯ ಮೇಲೆ ಡ್ರ್ಯಾಗನ್ ಆಗಷ್ಟೇ ರೆಕ್ಕೆ ಬಿಚ್ಚಿದೆ. ಮಕ್ಕಳು ಉಸಿರು ಬಿಗಿಹಿಡಿದಿದ್ದಾರೆ. ಅಷ್ಟರಲ್ಲಿ ನಿಮ್ಮ ಪಕ್ಕದ ಸೀಟಿನಿಂದ ಒಂದು ನಿಟ್ಟುಸಿರು, ಅದರ ಹಿಂದೆಯೇ ಒಂದು ಪಿಸುಮಾತು: "ಪುಸ್ತಕದಲ್ಲಿ ಹಾಗಿರಲಿಲ್ಲ."

ಆ ಪಕ್ಕದ ಸೀಟಿನವನು ನಾನೇ.

ನನ್ನಂಥವರು ಸಿನಿಮಾ ನೋಡಲು ಬರುವುದಿಲ್ಲ, ಆಡಿಟ್ ಮಾಡಲು ಬರುತ್ತೇವೆ. ಯಾವ ಪಾತ್ರ ಕಾಣೆಯಾಗಿದೆ, ಯಾವ ಪಾತ್ರ ಎಲ್ಲಿಂದಲೋ ಬಂದು ಸೇರಿಕೊಂಡಿದೆ, ಯಾರ ಡೈಲಾಗ್ ಯಾರ ಬಾಯಿಗೆ ಹೋಯಿತು, ಎಲ್ಲ ಬರೆದುಕೊಳ್ಳುತ್ತೇವೆ. ಸಂಬಳ ಇಲ್ಲ. ಟಿಕೆಟ್ ದುಡ್ಡೂ ನಮ್ಮದೇ.

ಎದುರಿನ ಕಕ್ಷಿಯೂ ಸುಮ್ನೆ ಕೂತಿಲ್ಲ. ಬಿಡುಗಡೆಗೆ ಮುಂಚೆ ಎಲ್ಲ ನಿರ್ಮಾಪಕರದ್ದೂ ಒಂದೇ ಮಾತು. "ನಾವೆಲ್ಲ ಆ ಕಾದಂಬರಿಯ ದೊಡ್ಡ ಅಭಿಮಾನಿಗಳು. ಮೂಲಕ್ಕೆ ನಿಷ್ಠರಾಗಿದ್ದೇವೆ." ಆಡಿಟ್ ಭಾಷೆಯಲ್ಲಿ ಇದರ ಅರ್ಥ: ಹೆಸರು ಇಟ್ಟುಕೊಂಡಿದ್ದೇವೆ.

ಮೊದಲು 'ದಿ ಹಾಬಿಟ್' ಕಡತ ತೆಗೆಯೋಣ. ಇದು ಟೋಲ್ಕಿನ್ ಬರೆದ, 1937ರಲ್ಲಿ ಬಂದ ಮಕ್ಕಳ ಪುಸ್ತಕ. ಹೆಚ್ಚೂಕಡಿಮೆ 300 ಪುಟ. ಬಿಲ್ಬೋ ಎಂಬ ಪುಟ್ಟ ಮನುಷ್ಯ ಹದಿಮೂರು ಕುಳ್ಳರ ಜೊತೆ ಡ್ರ್ಯಾಗನ್ ಗುಹೆಗೆ ಹೋಗಿ ಬರುತ್ತಾನೆ, ಅಷ್ಟೇ ಕತೆ. ಇದನ್ನು ಎರಡು ಸಿನಿಮಾ ಮಾಡುತ್ತೇವೆ ಅಂದರು. ಆಮೇಲೆ 2012ರ ಜುಲೈನಲ್ಲಿ, ಎರಡು ಸಾಲದು, ಮೂರು ಅಂದರು. ಮೂರೂ ಸೇರಿ ಹತ್ತಿರ ಹತ್ತಿರ ಎಂಟು ಗಂಟೆ. ಪುಟಕ್ಕೆ ಒಂದೂವರೆ ನಿಮಿಷ! ಸ್ವಲ್ಪ ಚುರುಕಾಗಿ ಓದುವವರು ಅಷ್ಟರಲ್ಲಿ ಪುಸ್ತಕ ಮುಗಿಸಿ ಒಂದು ನಿದ್ದೆಯನ್ನೂ ತೆಗೆಯಬಹುದು.

ಹಿಟ್ಟು ಕಮ್ಮಿ, ರೊಟ್ಟಿ ಜಾಸ್ತಿ ಬೇಕು ಅಂದರೆ ತೆಳ್ಳಗೆ ತಟ್ಟಲೇಬೇಕು. ಹೀಗಾಗಿ ಪುಸ್ತಕದಲ್ಲಿ ಎಲ್ಲೂ ಸುಳಿಯದ ಲೆಗೊಲಾಸ್ ಎಂಬ ಎಲ್ಫ್ (ಟೋಲ್ಕಿನ್ ಕತೆಗಳ ಸಾವಿಲ್ಲದ ಜನರಲ್ಲೊಬ್ಬ) ಬಂದ. ಕುಸಿದು ಬೀಳುತ್ತಿರುವ ಕಲ್ಲುಗಳನ್ನೇ ಮೆಟ್ಟಿಲು ಮಾಡಿಕೊಂಡು ಮೇಲೆ ಓಡಿದ. ಟೌರಿಯೆಲ್ ಎಂಬ ಹೊಸ ಹುಡುಗಿ ಬಂದಳು. ಅವಳು ಬಂದ ಮೇಲೆ ಒಂದು ತ್ರಿಕೋನ ಪ್ರೇಮ ಬರದೇ ಇರುತ್ತದೆಯೇ? ಪಾಪ ಟೋಲ್ಕಿನ್. ಆಕ್ಸ್‌ಫರ್ಡ್‌ನಲ್ಲಿ ಮೇಷ್ಟ್ರಾಗಿದ್ದರು. ಎಲ್ಫ್‌ಗಳ ಭಾಷೆಗೆ ವ್ಯಾಕರಣ ಕಟ್ಟುತ್ತಾ ವರ್ಷಗಟ್ಟಲೆ ಕೂತರು. ಆ ಭರದಲ್ಲಿ ಲವ್ ಸ್ಟೋರಿ ಹಾಕಲು ಮರೆತೇಬಿಟ್ಟಿದ್ದರು. ಸಿನಿಮಾದವರು ಅದನ್ನು ತುಂಬಿಕೊಟ್ಟರು.

ನನಗೆ ತುಂಬಾ ಇಷ್ಟವಾದದ್ದು ಕೊನೆಯ ಯುದ್ಧ. ಪುಸ್ತಕದಲ್ಲಿ ಬಿಲ್ಬೋ ತಲೆಗೆ ಕಲ್ಲು ಬಡಿದು ಎಚ್ಚರ ತಪ್ಪಿ ಬೀಳುತ್ತಾನೆ. ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಯುದ್ಧದ ಬಗ್ಗೆ ಇದಕ್ಕಿಂತ ಜಾಣ ಮಾತನ್ನು ನಾನು ಮಕ್ಕಳ ಪುಸ್ತಕದಲ್ಲಿ ಓದಿಲ್ಲ. ಸಿನಿಮಾದಲ್ಲಿ ಅದೇ ಯುದ್ಧ ಮುಕ್ಕಾಲು ಗಂಟೆಯಷ್ಟು ನಡೆಯುತ್ತದೆ. ಅರ್ಧ ದಾರಿಯಲ್ಲಿ ನನಗೂ ಯಾರಾದರೂ ಒಂದು ಕಲ್ಲು ಎಸೆಯಬಾರದೇ ಅನ್ನಿಸಿತ್ತು.

ಇದು ಸಾಲದು ಅಂತ ಚಿತ್ರೀಕರಣದಲ್ಲೂ ಒಂದು ಪ್ರಯೋಗ. ಮಾಮೂಲಿ ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಓಡುತ್ತದೆ. ಇವರು 48 ಓಡಿಸಿದರು. ಕತೆ ನೀರು ನೀರಾಯಿತು, ಫ್ರೇಮ್ ಮಾತ್ರ ದುಪ್ಪಟ್ಟಾಯಿತು.

ಈಗ ಇದೇ ಅಳತೆಗೋಲನ್ನು ಹ್ಯಾರಿ ಪಾಟರ್ ಕಡೆ ಒಯ್ಯೋಣ. ಏಳು ಪುಸ್ತಕಗಳಲ್ಲಿ ಐದನೆಯದೇ ದಪ್ಪ. ಬ್ರಿಟನ್ನಿನ ಮೊದಲ ಮುದ್ರಣ 766 ಪುಟ. ತಲೆದಿಂಬಿಗೆ ಆಗುವಂಥದ್ದು. ಅದರ ಸಿನಿಮಾ 138 ನಿಮಿಷ, ಅಲ್ಲಿಯವರೆಗೆ ಬಂದ ಐದರಲ್ಲಿ ಅದೇ ಚಿಕ್ಕದು. ಅಂದರೆ ನಿಮಿಷಕ್ಕೆ ಐದೂವರೆ ಪುಟ. ಸಣಕಲನಿಗೆ ಎಂಟು ಗಜದ ಅಂಗಿ, ದಢೂತಿಗೆ ಮಗುವಿನ ಲಂಗೋಟಿ. ದರ್ಜಿ ಬೇರೆ ಬೇರೆ, ಅಂಗಡಿ ಒಂದೇ.

ಏಳನೆಯ ಪುಸ್ತಕಕ್ಕೆ ಬರುವಷ್ಟರಲ್ಲಿ ಅಂಗಡಿಯವರಿಗೆ ಜ್ಞಾನೋದಯವಾಯಿತು. ಇಷ್ಟು ಒಳ್ಳೆಯ ಕತೆಯನ್ನು ಒಂದೇ ಸಿನಿಮಾದಲ್ಲಿ ಮುಗಿಸುವುದು ಮೂಲಕ್ಕೆ ಮಾಡುವ ದ್ರೋಹ, ಅಲ್ವಾ? 2010ರಲ್ಲಿ ಅರ್ಧ, 2011ರಲ್ಲಿ ಇನ್ನರ್ಧ. ಎರಡು ಟಿಕೆಟ್. ಕಾಯಿಲೆ ಹಬ್ಬಿತು. ರಕ್ತ ಕುಡಿಯುವ ಪ್ರೇಮಿಯ 'ಟ್ವೈಲೈಟ್' ಸರಣಿಯ ಕೊನೆಯ ಪುಸ್ತಕವೂ ಎರಡು ಹೋಳು. 'ಹಂಗರ್ ಗೇಮ್ಸ್' ಕೊನೆಯದೂ ಎರಡು ಹೋಳು. 'ಡೈವರ್ಜೆಂಟ್' ಸರಣಿಯವರೂ ಅದನ್ನೇ ಮಾಡಲು ಹೊರಟರು. 2016ರಲ್ಲಿ ಮೊದಲ ಹೋಳು ಮಕಾಡೆ ಮಲಗಿತು. ಎರಡನೆಯದು ಬರಲೇ ಇಲ್ಲ. ಪುಸ್ತಕ ಓದದೆ ಸಿನಿಮಾ ನಂಬಿಕೊಂಡಿದ್ದವರು ಇವತ್ತಿಗೂ ಕತೆಯ ನಡುಮಧ್ಯೆ ನಿಂತಿದ್ದಾರೆ. ಯಾರಾದರೂ ಹೋಗಿ ಕರೆದುಕೊಂಡು ಬರಬೇಕು.

ಇದಕ್ಕಿಂತ ಸೊಗಸು ಮೈಕೆಲ್ ಎಂಡೆ ಅವರ ಪಾಡು. 1979ರಲ್ಲಿ 'ದಿ ನೆವರೆಂಡಿಂಗ್ ಸ್ಟೋರಿ' ಬರೆದರು. ಹೆಸರೇ ಮುಗಿಯದ ಕತೆ. 1984ರಲ್ಲಿ ಬಂದ ಸಿನಿಮಾ ಅದನ್ನು ಸರಿಯಾಗಿ ಅರ್ಧಕ್ಕೇ ಮುಗಿಸಿತು. ಅವರು ಸಿಟ್ಟಾಗಿ ಕೋರ್ಟಿಗೂ ಹೋದರು. ಸೋತರು.

ಇಷ್ಟು ಹೊತ್ತು ಅಂಗಡಿಯವರನ್ನು ಬೈದದ್ದಾಯಿತು. ಆಡಿಟರುಗಳ ಕಡತವೂ ಅಷ್ಟೇನೂ ಚೊಕ್ಕವಾಗಿಲ್ಲ.

ಹ್ಯಾರಿ ಪಾಟರ್ ನಾಲ್ಕನೆಯ ಪುಸ್ತಕದಲ್ಲಿ ಒಂದು ಸಾಲಿದೆ. ನಿನ್ನ ಹೆಸರನ್ನು ಸ್ಪರ್ಧೆಯ ಬಟ್ಟಲಿಗೆ ನೀನೇ ಹಾಕಿದೆಯಾ ಅಂತ ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಹ್ಯಾರಿಯನ್ನು ಶಾಂತವಾಗಿ ಕೇಳುತ್ತಾರೆ. 2005ರ ಸಿನಿಮಾದಲ್ಲಿ ಅದೇ ಮುದುಕರು ಸಾಲ ವಸೂಲಿಗೆ ಬಂದವರ ಹಾಗೆ ನುಗ್ಗಿ ಹುಡುಗನನ್ನು ಹಿಡಿದು ಅಲುಗಾಡಿಸುತ್ತಾರೆ. ಆವತ್ತಿನಿಂದ ಇವತ್ತಿನವರೆಗೂ ಆ ಒಂದು 'ಶಾಂತವಾಗಿ'ಗೋಸ್ಕರ ನಾವು ಜಗಳ ಆಡುತ್ತಲೇ ಇದ್ದೇವೆ. ಶಾಂತವಾಗಿ ಮಾತ್ರ ಅಲ್ಲ.

'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾದಲ್ಲಿ ಟಾಮ್ ಬೊಂಬಾಡಿಲ್ ಎಂಬ ಪಾತ್ರವನ್ನು ಬಿಟ್ಟರು ಅಂತ 2001ರಲ್ಲಿ ನಾನು ಎಷ್ಟು ಕೂಗಾಡಿದೆ ಅಂದರೆ ಮನೆಯವರು ಅವನು ನನ್ನ ಸೋದರಮಾವ ಅಂದುಕೊಂಡಿದ್ದರು. ನಿಜ ಹೇಳಿಬಿಡುತ್ತೇನೆ, ಯಾರಿಗೂ ಹೇಳಬೇಡಿ. ಪುಸ್ತಕದಲ್ಲಿ ಅವನು ಹಾಡಲು ಶುರು ಮಾಡಿದರೆ ನಾನು ಪುಟ ಹಾರಿಸುತ್ತಿದ್ದೆ. ಪ್ರತಿಸಲವೂ. ಅವನಿಲ್ಲದ ಆ ಸರಣಿಯ ಮೂರನೆಯ ಸಿನಿಮಾಗೆ 11 ಆಸ್ಕರ್ ಬಂತು. ನನ್ನ ಆಕ್ಷೇಪಣೆ ಇನ್ನೂ ಬಾಕಿ ಇದೆ. ಅದೇ ಸಿನಿಮಾದ ಉದ್ದನೆಯ ಆವೃತ್ತಿ ನಾಲ್ಕು ಗಂಟೆ ದಾಟುತ್ತದೆ. ಅದನ್ನು ದುಡ್ಡು ಕೊಟ್ಟು ಕೊಂಡು, ಕೊನೆಯವರೆಗೂ ನೋಡಿ, "ಸ್ವಲ್ಪ ಎಳೆದಿದ್ದಾರೆ" ಅಂದವನೂ ನಾನೇ.

ನಮ್ಮ ನಿಯಮ ಸರಳ. ಬದಲಾಯಿಸಿದರೆ ದ್ರೋಹ. ಬದಲಾಯಿಸದಿದ್ದರೆ "ಪುಸ್ತಕವನ್ನೇ ಇಳಿಸಿಟ್ಟಿದ್ದಾರೆ, ಹೊಸದೇನಿದೆ?" ಬದಲಾಯಿಸಿ ನಾವು ಹುಟ್ಟುವ ಮೊದಲೇ ಬಿಡುಗಡೆ ಮಾಡಿದ್ದರೆ ಮಾತ್ರ ಮಾಫಿ. 1900ರ 'ಓಜ್' ಪುಸ್ತಕದಲ್ಲಿ ಡೊರೊತಿ ಹಾಕಿಕೊಳ್ಳುವುದು ಬೆಳ್ಳಿ ಬೂಟು. 1939ರ ಸಿನಿಮಾದವರು ಟೆಕ್ನಿಕಲರ್ ಎಂಬ ಬಣ್ಣದ ಚಿತ್ರ ತಂತ್ರದಲ್ಲಿ ಚೆನ್ನಾಗಿ ಕಾಣಲಿ ಅಂತ ಅದನ್ನು ಕೆಂಪು ಮಾಡಿದರು. ಇವತ್ತು ಯಾರಾದರೂ ಬೆಳ್ಳಿ ಬೂಟು ತೋರಿಸಿದರೆ ಮೊದಲು ಗಲಾಟೆ ಮಾಡುವವರು ನಾವೇ.

ಈಗ ಹೊಸ ಕೆಲಸ ಬಂದಿದೆ. ಹ್ಯಾರಿ ಪಾಟರ್ ಕತೆಯನ್ನು ಟಿವಿ ಸರಣಿಯಾಗಿ ಮತ್ತೆ ಮೊದಲಿಂದ ಮಾಡುತ್ತೇವೆ ಅಂತ 2023ರಲ್ಲಿ ಘೋಷಿಸಿದರು. ಈ ಸಲ ಮೂಲಕ್ಕೆ ನಿಷ್ಠವಾಗಿರುತ್ತದಂತೆ. ಈ ಸಲ!

ಸಿದ್ಧತೆ ಬೇಡವೇ? ಮೊದಲ ಪುಸ್ತಕ ತೆಗೆದು, ಪೆನ್ಸಿಲ್ ಹಿಡಿದು ಕೂತೆ. ಹ್ಯಾರಿಯ ಕಣ್ಣು ಹಸಿರು ಅಂತ ಲೇಖಕಿ ಸ್ಪಷ್ಟವಾಗಿ ಬರೆದಿದ್ದಾರೆ. ಸಿನಿಮಾದ ಹುಡುಗನಿಗೆ ಹಸಿರು ಲೆನ್ಸ್ ಒಗ್ಗಲಿಲ್ಲ, ಅದಕ್ಕೆ ಅವನ ನೀಲಿ ಕಣ್ಣನ್ನೇ ಬಿಟ್ಟರು. ಇದು ನನ್ನ ಹಳೆಯ ದೂರುಗಳಲ್ಲಿ ಮುಖ್ಯವಾದದ್ದು. 'ಹಸಿರು' ಅನ್ನುವ ಪದದ ಕೆಳಗೆ ಗೆರೆ ಎಳೆದೆ. ಓದಿದೆ. ಮನಸ್ಸಿನಲ್ಲಿ ಹುಡುಗ ತಿರುಗಿ ನೋಡಿದ. ನೀಲಿ ಕಣ್ಣು.

ಪುಸ್ತಕ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದೆ. ಆಗಲೂ ನೀಲಿಯೇ. ಸಿನಿಮಾ ಬರುವ ಮೊದಲು ನನ್ನ ತಲೆಯೊಳಗೆ ಅವನಿಗೆ ಬೇರೆಯೇ ಒಂದು ಮುಖ ಇತ್ತು. ಹೇಗಿತ್ತು ಅಂತ ಅರ್ಧ ಗಂಟೆ ಕೂತು ನೆನಪಿಸಿಕೊಂಡೆ. ಬರಲಿಲ್ಲ.

ಇದನ್ನು ಆಡಿಟ್ ರಿಪೋರ್ಟಿನಲ್ಲಿ ಸೇರಿಸಿಲ್ಲ.