ಕ್ಯಾನಿನ ಉಂಗುರ ಕಂಡುಹಿಡಿದವರು ಯಾರು: ನನ್ನ ಸಂದೇಶಕ್ಕೆ ತಿದ್ದುಪಡಿ

ತಂಪು ಪಾನೀಯದ ಕ್ಯಾನ್‌ಗಳಲ್ಲಿ ಈಗ ಇರುವ, ತೆರೆದ ಮೇಲೂ ಮುಚ್ಚಳದಲ್ಲೇ ಉಳಿಯುವ ಉಂಗುರವನ್ನು ಅಮೆರಿಕದ ಎರ್ಮಲ್ ಫ್ರೇಜ್ 1959ರಲ್ಲಿ ಕಂಡುಹಿಡಿದರೆಂದು ಮಲ್ಪೆ ಕಡಲತೀರ ಸ್ವಚ್ಛತೆಯ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಕಳೆದ ವಾರ ನಾನು ಕಳುಹಿಸಿದ ಸಂದೇಶ ತಪ್ಪು. ಅದು ಈಗ ಉಡುಪಿಯ ಬೇರೆ ಗುಂಪುಗಳಲ್ಲೂ ಹರಿದಾಡುತ್ತಿರುವುದರಿಂದ ಈ ಸ್ಪಷ್ಟನೆ.

ಓಹಿಯೊದ ಡೇಟನ್ ನಗರದ ಫ್ರೇಜ್ ರೂಪಿಸಿದ್ದು ಪೂರ್ತಿ ಕಿತ್ತುಬರುವ ಪಟ್ಟಿಯನ್ನು. 1959ರಲ್ಲಿ ಪಿಕ್ನಿಕ್‌ಗೆ ಹೋದಾಗ ಓಪನರ್ ಮರೆತು, ಕಾರಿನ ಬಂಪರಿಗೆ ಒತ್ತಿ ಕ್ಯಾನ್ ತೆರೆಯಬೇಕಾಗಿ ಬಂದದ್ದು ಅವರನ್ನು ಆ ಯೋಚನೆಗೆ ಹಚ್ಚಿತು. ಅವರ ದೊಡ್ಡ ಸಾಧನೆ ರಿವೆಟ್, ಅಂದರೆ ಪಟ್ಟಿಯನ್ನು ಮುಚ್ಚಳಕ್ಕೆ ಹಿಡಿದಿಡುವ ಮೊಳೆಯಂತಹ ಜೋಡಣೆ: ಮುಚ್ಚಳಕ್ಕೆ ತೂತು ಕೊರೆಯದೆ, ಅದೇ ತಗಡನ್ನು ಉಬ್ಬಿಸಿ, ಆ ಉಬ್ಬನ್ನು ಪಟ್ಟಿಯ ರಂಧ್ರದಲ್ಲಿ ತೂರಿಸಿ ಚಪ್ಪಟೆ ಮಾಡಿದ್ದರಿಂದ ಸೋರಿಕೆಗೆ ದಾರಿಯೇ ಉಳಿಯಲಿಲ್ಲ. ಇಂದಿನ ಕ್ಯಾನಿನ ಮೇಲೆ ಬೆರಳಾಡಿಸಿದರೂ ಗುಂಡಿಯಂತಹ ಆ ಉಬ್ಬು ಸಿಗುತ್ತದೆ. 1962ರಲ್ಲಿ ಪಿಟ್ಸ್‌ಬರ್ಗ್‌ನ ಬಿಯರ್ ಕಂಪನಿಯೊಂದು ಇದನ್ನು ಮಾರುಕಟ್ಟೆಗೆ ತಂದಿತು.

ಆದರೆ ಜನ ಕಿತ್ತೆಸೆದ ಪಟ್ಟಿಗಳು ಅಲ್ಲಿನ ಕಡಲತೀರಗಳಲ್ಲಿ ಬಿದ್ದು, ಬರಿಗಾಲಲ್ಲಿ ನಡೆಯುವವರ ಪಾದ ಕೊಯ್ಯತೊಡಗಿದವು. ಬಾಯಿಯ ತಗಡು ಒಳಕ್ಕೆ ಮಡಚಿಕೊಂಡು ಉಂಗುರ ಮೇಲೆಯೇ ಉಳಿಯುವ ವಿನ್ಯಾಸ ರೆನಾಲ್ಡ್ಸ್ ಮೆಟಲ್ಸ್ ಕಂಪನಿಯ ಡೇನಿಯಲ್ ಕಡ್ಜಿಕ್ ಅವರದು. ಅದು 1975ರಲ್ಲಿ ಬಳಕೆಗೆ ಬಂದಿತು, 1976ರ ಪೇಟೆಂಟ್ ದಾಖಲೆಯೂ ಅವರ ಹೆಸರಿನಲ್ಲೇ ಇದೆ. ಮರಳಿನಲ್ಲಿ ಕಸ ಹೆಕ್ಕುವ ನಮಗೆ ಈ ವ್ಯತ್ಯಾಸ ಸಣ್ಣದಲ್ಲ.

ದಯವಿಟ್ಟು ಹಳೆಯ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದವರು ಅದೇ ಗುಂಪುಗಳಿಗೆ ಈ ತಿದ್ದುಪಡಿಯನ್ನೂ ತಲುಪಿಸಬೇಕಾಗಿ ವಿನಂತಿ.