ಪಾರ್ಟಿ ಬರ್ತಾರೆ, ಮುಟ್ಟಬೇಡಿ

ಬೆಳಿಗ್ಗೆ ಕೈ ತೊಳೆದು, ಎದುರಿಗೆ ನೇತಾಡುತ್ತಿದ್ದ ಟವೆಲ್ಲಿಗೆ ಒರೆಸಿಕೊಂಡೆ. "ಅಯ್ಯೋ, ಅದು ಪಾರ್ಟಿಗೆ ಇಟ್ಟಿರೋದು ಕಣ್ರೀ!" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. ಬಚ್ಚಲ ಬಾಗಿಲು ಹಾಕಿತ್ತು. ನಾನು ಟವೆಲ್ ಮುಟ್ಟಿದ್ದು ಅವಳಿಗೆ ಹೇಗೆ ಗೊತ್ತಾಯಿತೋ, ದೇವರಿಗೇ ಗೊತ್ತು.

ಪಾರ್ಟಿ ಎಂದರೆ ನಾವು ಮಾರಲು ಹೊರಟಿರುವ ಮನೆ ನೋಡಲು ಬರುವವರು. ಬ್ರೋಕರ್ ಬಾಯಲ್ಲಿದ್ದ ಮಾತು ಈಗ ನಮ್ಮ ಮನೆಯವರ ಬಾಯಿಗೂ ಬಂದಿದೆ. ಪಾರ್ಟಿಗೆ ಅಂತ ಬಿಳಿ ಟವೆಲ್ ಇದೆ, ಮಡಿಕೆ ಮುರಿಯುವಂತಿಲ್ಲ. ಪಾರ್ಟಿಗೆ ಅಂತ ಸೋಪು ಇದೆ, ನೆನೆಸುವಂತಿಲ್ಲ. ನಮ್ಮ ಸವೆದ ಸೋಪು, ಬ್ರಷ್ಷು, ನೂಲು ಕಿತ್ತ ಟವೆಲ್ಲು ಎಲ್ಲ ಒಂದು ಬಕೆಟ್ಟಿನಲ್ಲಿವೆ. ಬೆಳಿಗ್ಗೆ ಎದ್ದು ಹಾಸ್ಟೆಲ್ ಹುಡುಗರ ಹಾಗೆ ಬಕೆಟ್ ಹಿಡಿದುಕೊಂಡು ನಮ್ಮದೇ ಬಚ್ಚಲಿಗೆ ಹೋಗುತ್ತೇವೆ. ಸ್ನಾನ ಮುಗಿಸಿ, ನೆಲ ಒರೆಸಿ, ಸ್ನಾನವೇ ಮಾಡಿಲ್ಲವೇನೋ ಎಂಬಂತೆ ಹೊರಗೆ ಬರುತ್ತೇವೆ.

ಇದಕ್ಕೆಲ್ಲ ಕಾರಣ ಬ್ರೋಕರ್ ಮೊದಲ ದಿನ ಹೇಳಿದ ಒಂದು ಮಾತು. ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ನಮ್ಮ ಸಾಮಾನುಗಳನ್ನು ಒಂದು ಥರಾ ಅನುಕಂಪದಿಂದ ನೋಡಿ ಅವರು ಹೇಳಿದರು: "ಸಾರ್, ಈ ಮನೇಲಿ ಯಾರೂ ಇಲ್ಲ ಅನ್ನೋ ಹಾಗಿರ್ಬೇಕು. ಆದ್ರೆ ಯಾರೋ ತುಂಬಾ ಸುಖವಾಗಿದ್ದಾರೆ ಅಂತ ಅನ್ನಿಸ್ಬೇಕು."

ಅವರ ಲೆಕ್ಕ ತೀರಾ ತಪ್ಪೇನಲ್ಲ. ಮನೆ ನೋಡಲು ಬಂದವರು ಅಲ್ಲಿ ತಮ್ಮ ಸೋಫಾ, ತಮ್ಮ ಮಂಚ ಕಲ್ಪಿಸಿಕೊಳ್ಳಬೇಕು. ನಮ್ಮ ಫೋಟೋ, ನಮ್ಮ ಮಾತ್ರೆ ಡಬ್ಬಿ, ನಮ್ಮ ಒಗೆಯದ ಬಟ್ಟೆ ಕಣ್ಣಿಗೆ ಬಿದ್ದರೆ ಆ ಕಲ್ಪನೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಫೋಟೋಗಳು ಇಳಿದವು. ಫ್ರಿಜ್ ಮೇಲಿದ್ದದ್ದೆಲ್ಲ ಇಳಿಯಿತು. ಇಳಿದದ್ದೆಲ್ಲ ಎಲ್ಲಿಗೆ ಹೋಗಬೇಕು? ಅಟ್ಟದಲ್ಲಿ ಜಾಗ ಇಲ್ಲ. ಬೀರು ತುಂಬಿಸುವ ಹಾಗಿಲ್ಲ, ಬರುವವರು ಬೀರುವನ್ನೂ ತೆರೆದು ನೋಡುತ್ತಾರಂತೆ. ಉಳಿದದ್ದು ಮಂಚದ ಕೆಳಗೆ, ಸೋಫಾದ ಕೆಳಗೆ. ಬ್ರೋಕರ್ ಪ್ರಕಾರ ಮನೆ ಕೊಳ್ಳುವವರು ಬಗ್ಗುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಆಮೇಲೆ ರಿಪೇರಿ. ನಿಮ್ಮ ಮನೆಯಲ್ಲೂ ಒಂದು ತೊಟ್ಟಿಕ್ಕುವ ನಲ್ಲಿ ಇದ್ದೇ ಇರುತ್ತದೆ, ಅಲ್ವಾ? ನಮ್ಮದಕ್ಕೆ ಒಂದು ದಾರ ಕಟ್ಟಿದ್ದೆವು. ಹನಿ ದಾರ ಹಿಡಿದು ಸದ್ದಿಲ್ಲದೆ ಬಕೆಟ್ಟಿಗೆ ಇಳಿಯುತ್ತಿತ್ತು. ವರ್ಷಗಟ್ಟಲೆ ಇಳಿಯಿತು. ಪ್ಲಂಬರ್ ಬಂದ. ಒಂದು ವಾಷರ್ ಹಾಕಿದ. ಹೋದ. ನಾನು ಆ ದಾರಕ್ಕೆ ಗಂಟು ಹಾಕಿದಷ್ಟು ಹೊತ್ತೂ ಹಿಡಿಯಲಿಲ್ಲ.

ಮಲಗುವ ಕೋಣೆಯ ಬಾಗಿಲಿನದೂ ಅದೇ ಕತೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಮರ ಅದನ್ನು ಹೀರಿಕೊಂಡು ಉಬ್ಬುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಅದನ್ನು ಸ್ವಲ್ಪ ಎತ್ತಿ, ಮೊಣಕಾಲಿನಿಂದ ಒಂದು ಗುದ್ದು ಕೊಟ್ಟು, ಭುಜದಿಂದ ತಳ್ಳಬೇಕಿತ್ತು. ಈ ವಿದ್ಯೆ ಮನೆಯವರಿಗೆಲ್ಲ ಬರುತ್ತಿತ್ತು. ಬಡಗಿ ಬಂದು ಅಂಚಿಗೆ ನಾಲ್ಕು ಸಲ ಉಜ್ಜುಗೊರಡು ಎಳೆದ. ಈಗ ಬಾಗಿಲು ಒಂದು ಬೆರಳಿಗೆ ಹಾಕಿಕೊಳ್ಳುತ್ತದೆ. ಮೊಣಕಾಲಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಅದು ಈಗಲೂ ಗುದ್ದುತ್ತದೆ, ಬಾಗಿಲು ಧಡಾರನೆ ಬಡಿಯುತ್ತದೆ, ನಾನು ಸಿಟ್ಟಿನಲ್ಲಿ ಒಳಗೆ ಹೋದೆ ಎಂದು ಹೆಂಡತಿ ತಿಳಿಯುತ್ತಾಳೆ. ಈಚೆಗೆ ಅದೂ ಸುಳ್ಳಲ್ಲ.

ನನ್ನ ಸಿಟ್ಟು ಇಷ್ಟೇ. ಇದೇ ನಲ್ಲಿ, ಇದೇ ಬಾಗಿಲು, ಇದೇ ಕಿಟಕಿ ಕೊಂಡಿ. ನಾವು ಬಾಳಿ ಬದುಕುವಾಗ "ನೋಡೋಣ ಬಿಡು" ಆಗಿದ್ದವು. ಮುಖ ಮೂತಿ ಗೊತ್ತಿಲ್ಲದ ಯಾರೋ ಬಂದು ಹತ್ತು ನಿಮಿಷ ಇದ್ದು ಹೋಗುತ್ತಾರೆ ಎಂದ ಕೂಡಲೇ ಎಲ್ಲ ಅರ್ಜೆಂಟ್ ಆಗಿಬಿಟ್ಟವು. ಮನೆ ನಮಗೆ ಅಂತ ಇದ್ದಾಗ ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ.

ಅಡುಗೆಮನೆಯ ವಿಷಯದಲ್ಲಿ ಮಾತ್ರ ಬ್ರೋಕರ್ ನನ್ನ ಪರ ನಿಂತರು. ಹೇಗೂ ಎಲ್ಲ ಆಗುತ್ತಿದೆ, ಅಡುಗೆಮನೆಯನ್ನೂ ಹೊಸದು ಮಾಡಿಸೋಣ ಎಂದು ಇವಳು ಹೊರಟಿದ್ದಳು. "ಬೇಡ ಮೇಡಂ. ನೀವು ಹಾಕ್ಸಿದ್ದು ಬರೋರಿಗೆ ಹಿಡಿಸಲ್ಲ. ಕಿತ್ತು ಬೇರೆ ಹಾಕಿಸ್ಕೋತಾರೆ. ಹಾಕಿದ ದುಡ್ಡು ಪೂರ್ತಿ ವಾಪಸ್ ಬರೋದು ಕಷ್ಟ. ಕಪಾಟಿನ ಹಿಡಿಕೆ ಬದಲಾಯ್ಸಿ, ಜಿಡ್ಡು ತೊಳೀರಿ, ಸಾಕು." ಈ ಮಾತು ನೂರಕ್ಕೆ ನೂರು ಸರಿ. ಆದರೆ ಹಳೇ ಜಿಡ್ಡನ್ನು ಉಜ್ಜುತ್ತಾ ಇವಳು ಗೊಣಗಿದ್ದನ್ನು ನಾನಿಲ್ಲಿ ಬರೆಯಲಾರೆ.

ಬಣ್ಣದ ಆಯ್ಕೆಯಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ. ಎಲ್ಲಾ ಗೋಡೆಗೂ ಒಂದೇ ಅರೆಬಿಳಿ. ತಿಳಿ ಬಣ್ಣ ಬೆಳಕನ್ನು ಜಾಸ್ತಿ ತಿರುಗಿಸಿ ಕಳಿಸುವುದರಿಂದ ಕೋಣೆ ದೊಡ್ಡದಾಗಿ ಕಾಣುತ್ತದೆ. ಹಾಲ್‌ನಲ್ಲಿ ಒಂದು ಬಲ್ಬು ಹಳದಿ, ಒಂದು ನೀಲಿ ಹೊಡೆಯುವ ಬಿಳಿ ಇತ್ತು. ಎರಡೂ ಹೋಗಿ 3000 ಕೆಲ್ವಿನ್ ಎಂದು ಬರೆದ, ತಿಳಿಹಳದಿ ಬೆಳಕು ಕೊಡುವ ಒಂದೇ ಥರದ ಬಲ್ಬುಗಳು ಬಂದವು. ಆ ಬೆಳಕಿನಲ್ಲಿ ನಾವೇ ಸ್ವಲ್ಪ ಚೆನ್ನಾಗಿ ಕಾಣುತ್ತೇವೆ.

ಎಲ್ಲ ಗೋಡೆಯೂ ಒಪ್ಪಿಕೊಂಡಿತು, ಒಂದು ಜಾಗ ಬಿಟ್ಟು. ಕಿಟಕಿ ಪಕ್ಕ ನಮ್ಮಪ್ಪ ಕೂರುತ್ತಿದ್ದ ಕುರ್ಚಿಯ ಹಿಂದೆ, ಅವರು ತಲೆ ಒರಗಿಸಿ ಒರಗಿಸಿ ಒಂದು ಎಣ್ಣೆ ಗುರುತು ಆಗಿತ್ತು. ಪೇಂಟರ್ ಮೊದಲ ಕೋಟ್ ಹೊಡೆದ. ಮರುದಿನ ಗುರುತು ಮೆಲ್ಲಗೆ ಮೇಲೆ ಬಂತು. ಎರಡನೇ ಕೋಟ್ ಹೊಡೆದ. ಮತ್ತೆ ಬಂತು. "ಎಣ್ಣೆ ಸಾರ್, ನೀರಿನ ಬಣ್ಣಕ್ಕೆ ಬಗ್ಗಲ್ಲ. ಕಲೆ ತಡೆಯೋ ಪ್ರೈಮರ್ ಮೊದ್ಲು ಹಾಕ್ಬೇಕಿತ್ತು" ಎಂದ. ಅಪ್ಪ ಹೋಗಿ ವರ್ಷಗಳಾದವು. ಕುರ್ಚಿ ಯಾರಿಗೋ ಕೊಟ್ಟಾಯಿತು. ಬದುಕಿದ್ದಾಗಲೂ ಅವರನ್ನು ಆ ಜಾಗದಿಂದ ಎಬ್ಬಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಪೇಂಟರ್ ಪ್ರೈಮರ್ ತರಲು ಹೋದಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನೆಲದ ಮೇಲೆ ಕೂತಿದ್ದೆ. ಇವಳೂ ಬಂದು ಕೂತಳು. ಇಬ್ಬರೂ ಗೋಡೆಗೆ ಒರಗಲಿಲ್ಲ, ಬೇರೆ ಕಡೆ ಬಣ್ಣ ಹಸಿ ಇತ್ತು. ಪ್ರೈಮರ್ ಬಂತು. ಗುರುತು ಹೋಯಿತು.

ಹೋಗದೇ ಉಳಿದದ್ದು ಇನ್ನೊಂದು. ಹಾಲಿನ ಎದುರು ಗೋಡೆಯ ಬುಡ. ಅದರ ಆಚೆ ಬಚ್ಚಲು. ಅಲ್ಲಿ ಬಣ್ಣ ಉಬ್ಬುತ್ತದೆ, ಉದುರುತ್ತದೆ, ಬಿಳಿ ಪುಡಿ ಬರುತ್ತದೆ. ಪೇಂಟರ್ ಕೆರೆದು ಪುಟ್ಟಿ ಹಚ್ಚಿ ಬಣ್ಣ ಹೊಡೆದಿದ್ದ. ವಾರ ತುಂಬುವ ಮೊದಲು ಮತ್ತೆ ಉಬ್ಬಿತು. "ಬಚ್ಚಲ ಟೈಲ್ಸ್ ತೆಗೆಸಿ ನೋಡೋಣ" ಎಂದು ನಾನು. "ಟೈಮಿಲ್ಲ ಸಾರ್, ಅಡ್ಜಸ್ಟ್ ಮಾಡೋಣ" ಎಂದು ಬ್ರೋಕರ್. ನಾನು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಅಡ್ಜಸ್ಟ್ ಆಗಿತ್ತು. ನಮ್ಮ ಮನೆಯಲ್ಲಿ ಇದ್ದ ಒಂದೇ ದೊಡ್ಡ ಚಿತ್ರಪಟವನ್ನು ಆ ಕಲೆಯ ಮೇಲೆ ನೇತು ಹಾಕಿದ್ದರು. ಅಂದರೆ ನೆಲದಿಂದ ಒಂದು ಗೇಣು ಮೇಲೆ. ಚಿತ್ರ ಒಂದು ಜಲಪಾತದ್ದು.

"ಮೊಣಕಾಲಿಗೆ ಯಾರಾದ್ರೂ ಚಿತ್ರ ತೋರಿಸ್ತಾರಾ?" ಎಂದೆ.

"ಈಗ ಇದೇ ಸ್ಟೈಲ್ ಸಾರ್."

ಆ ಭಾನುವಾರ ಒಂದು ಪಾರ್ಟಿ ಬಂತು. ಮಗ, ಸೊಸೆ, ಜೊತೆಗೆ ಊರುಗೋಲು ಹಿಡಿದ ಒಬ್ಬ ಅಜ್ಜ. ಮಗ, ಸೊಸೆ ಒಳ್ಳೆಯವರು. ಬೆಳಕು ನೋಡಿ ಖುಷಿಪಟ್ಟರು. ಟವೆಲ್ ನೋಡಿ ಸೊಸೆ "ಎಷ್ಟು ನೀಟಾಗಿಟ್ಟಿದ್ದಾರೆ" ಎಂದಳು. ನನ್ನ ಹೆಂಡತಿ ನನ್ನ ಕಡೆ ಒಂದು ನೋಟ ಬೀರಿದಳು.

ಅಜ್ಜ ಮಾತಾಡಲಿಲ್ಲ. ಊರುಗೋಲನ್ನು ತಲೆಕೆಳಗು ಮಾಡಿ, ಅದರ ಹಿತ್ತಾಳೆ ಹಿಡಿಯಿಂದ ನೆಲದ ಟೈಲ್ಸನ್ನು ಒಂದೊಂದಾಗಿ ಕುಟ್ಟುತ್ತಾ ಹೊರಟರು. ಟೈಲ್ ಕೆಳಗೆ ಗಾರೆ ಸರಿಯಾಗಿ ಕೂತಿದ್ದರೆ ಗಟ್ಟಿ ಸದ್ದು, ಟೊಳ್ಳಿದ್ದರೆ ಡಬ್ ಎನ್ನುವ ಸದ್ದು. ಟಕ್. ಟಕ್. ಡಬ್. "ಹ್ಞೂಂ." ಟಕ್. ಡಬ್. "ಹ್ಞೂಂ." ಒಂದೊಂದು ಹ್ಞೂಂಕಾರಕ್ಕೂ ಬ್ರೋಕರ್ ಮುಖದಲ್ಲಿ ರೇಟ್ ಇಳಿಯುವುದು ಕಾಣುತ್ತಿತ್ತು. ಆಮೇಲೆ ಗೋಡೆಗಳು. ಅಂಗೈ ಒತ್ತುವುದು, ಕಣ್ಣು ಮುಚ್ಚುವುದು, ಆಮೇಲೆ ಆ ಅಂಗೈಯನ್ನು ಮೂಸುವುದು. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ನಾನು ಯಾವತ್ತೂ ಗೋಡೆ ಮೂಸಿರಲಿಲ್ಲ.

ಕೊನೆಗೆ ಹಾಲ್ ನಡುವೆ ನಿಂತು ಜೇಬಿನಿಂದ ಒಂದು ಗೋಲಿ ತೆಗೆದರು. ಗಾಜಿನ ಗೋಲಿ, ಮಕ್ಕಳಾಡುವುದು. ನೆಲದ ಮೇಲಿಟ್ಟರು. ಗೋಲಿ ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ಉರುಳತೊಡಗಿತು. ಯಾವ ಕಡೆ ಅಂತೀರಿ? ನೇರವಾಗಿ ಜಲಪಾತದ ಕಡೆ. ನಾವು ಆರೂ ಜನ ಅದರ ಹಿಂದೆ ಮೆರವಣಿಗೆ ಹೊರಟೆವು. ಗೋಲಿ ಗೋಡೆ ಬುಡಕ್ಕೆ ಟಕ್ಕೆಂದು ಬಡಿಯಿತು, ಪಕ್ಕಕ್ಕೆ ತಿರುಗಿತು, ಸೋಫಾ ಕೆಳಗೆ ಹೋಯಿತು.

ಅಜ್ಜನ ಕಣ್ಣು ಚಿತ್ರದ ಮೇಲೆ ನಿಂತಿತು. "ಇದ್ಯಾಕೆ ಇಷ್ಟು ಕೆಳಗೆ?"

"ಕೂತು ನೋಡೋರಿಗೆ ಸಾರ್" ಎಂದರು ಬ್ರೋಕರ್.

"ಹೌದಾ?" ಎಂದು ಅಜ್ಜ ಕೂತೇಬಿಟ್ಟರು. ಊರುಗೋಲು ಪಕ್ಕಕ್ಕಿಟ್ಟು, ಮಗನ ಕೈ ಹಿಡಿದು, ನೆಲದ ಮೇಲೆ ಚಕ್ಕಳಮಕ್ಕಳ. ಕನ್ನಡಕ ಹಾಕಿಕೊಂಡರು. ಚಿತ್ರವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಯಾರೂ ಉಸಿರೆತ್ತಲಿಲ್ಲ. ಫ್ಯಾನ್ ಸದ್ದು ಮಾತ್ರ.

"ನೀರು ಚೆನ್ನಾಗಿ ಬರ್ತಿದೆ" ಎಂದರು.

ಚೌಕಟ್ಟಿನ ಕೆಳಗೆ ಕೈ ತೂರಿಸಿದರು. ಮೂಸಿದರು. "ಬಚ್ಚಲು ಆ ಕಡೆನಾ?" ಬ್ರೋಕರ್ ಸೀಲಿಂಗ್ ನೋಡತೊಡಗಿದರು. "ಹೌದು" ಎಂದಳು ನನ್ನ ಹೆಂಡತಿ. ಅಜ್ಜ ಚಿತ್ರ ಸರಿಸಿದರು. ಬಿಳಿ ಪುಡಿ ಅವರ ಪಂಚೆ ಮೇಲೆ ಸುರಿಯಿತು.

"ಉಪ್ಪು ಇದು. ಇಟ್ಟಿಗೆ, ಗಾರೆ ಒಳಗಿರೋದನ್ನ ನೀರು ಕರಗಿಸ್ಕೊಂಡು ಬರುತ್ತೆ. ನೀರು ಆರಿ ಹೋಗುತ್ತೆ, ಉಪ್ಪು ಇಲ್ಲೇ ಗಟ್ಟಿಯಾಗಿ ಬಣ್ಣನ ತಳ್ಳುತ್ತೆ. ನೀವು ಎಷ್ಟು ಕೋಟ್ ಹೊಡೆದ್ರೂ ಅಷ್ಟೇ. ಮೊದ್ಲು ನೀರು ನಿಲ್ಲಿಸ್ಬೇಕು. ಆಮೇಲೆ ಗೋಡೆ ಒಣಗ್ಬೇಕು. ಒಂದು ಇಂಚು ಒಣಗೋಕೆ ಒಂದು ತಿಂಗಳು ಅಂತ ಇಟ್ಕೊಳಿ. ಗೋಡೆ ಎಷ್ಟು ಇಂಚು, ಒಂಬತ್ತಾ?"

"ಆರು ಸಾರ್" ಎಂದರು ಬ್ರೋಕರ್, ಮೂರು ತಿಂಗಳು ಉಳಿಸುವ ಆಸೆಗೆ.

ಆಮೇಲೆ ಅಜ್ಜನನ್ನು ಎಬ್ಬಿಸಿದೆವು. ಮಗ ಒಂದು ಕಡೆ, ನಾನು ಒಂದು ಕಡೆ. ಎದ್ದು ನಿಂತವರು ಗೋಲಿ ಕೇಳಿದರು. "ಹೋಗ್ಲಿ ಬಿಡಪ್ಪಾ, ಬೇರೆ ತರೋಣ" ಎಂದ ಮಗ. "ಬೇರೆ ಗೋಲಿ ಯಾಕೆ? ಇದು ಸರಿಯಾದ ಗೋಲಿ" ಎಂದರು. ನಾನು ತಡೆಯುವ ಮೊದಲೇ ಸೊಸೆ ಸೋಫಾ ಪಕ್ಕ ಮಂಡಿಯೂರಿ, ಮೊಬೈಲ್ ಲೈಟ್ ಹಾಕಿ, ಕೆಳಗೆ ಬಗ್ಗಿದಳು.

ನಮ್ಮ ಅಸಲಿ ಮನೆ ಅಲ್ಲಿತ್ತು. ಇಳಿಸಿದ ಫೋಟೋಗಳು, ಹಳೇ ಪೇಪರ್ ಕಟ್ಟು, ಒಂಟಿ ಚಪ್ಪಲಿ, ತೂಕದ ಯಂತ್ರ, ಕರೆಂಟ್ ಬಿಲ್ಲುಗಳು, ಆ ದಿನ ಬೆಳಿಗ್ಗೆ ಅವಸರದಲ್ಲಿ ತಳ್ಳಿದ ನನ್ನ ಬನಿಯನ್ನು. ಒಂದೊಂದೇ ಹೊರಗೆ ಬಂತು. ಆಕೆ ಒಳ್ಳೆಯ ಹುಡುಗಿ, ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟಳು. ಬ್ರೋಕರ್ ಕೂಡ ಇಸ್ತ್ರಿ ಪ್ಯಾಂಟಿನಲ್ಲೇ ಮಲಗಿ ಪೊರಕೆ ಕಡ್ಡಿಯಿಂದ ತಡಕಿದರು. ಗೋಲಿ ಸಿಕ್ಕಿತು. ಅಜ್ಜ ಅದನ್ನು ಪಂಚೆಗೆ ಒರೆಸಿ ಜೇಬಿಗಿಟ್ಟುಕೊಂಡು, "ಬಚ್ಚಲಲ್ಲಿ ಹೊಸ ಟವೆಲ್ ಬದ್ಲು ಟೈಲ್ಸ್ ಸಂದಿಗೆ ಗ್ರೌಟ್ ಹಾಕಿಸ್ಬೇಕಿತ್ತು" ಎಂದು ನನಗೆ ಹೇಳಿ ಹೊರಟರು. ನನಗೆ ಅವರನ್ನು ತಬ್ಬಿಕೊಳ್ಳಬೇಕು ಎನಿಸಿತು.

ಟೈಲ್ಸ್ ತೆಗೆಸಿದೆವು. ಗೋಡೆಯೊಳಗಿನ ಪೈಪಿನ ಜಾಯಿಂಟ್ ಸಣ್ಣಗೆ ಸೋರುತ್ತಿತ್ತು. ಅದು ಸರಿಯಾಯಿತು, ಸಂದಿಗಳಿಗೆ ಗ್ರೌಟ್ ಬಿತ್ತು. ಹಾಲಿನ ಕಡೆ ಕೆಟ್ಟ ಗಾರೆ ಕೆರೆಸಿ ಇಟ್ಟಿಗೆ ಕಾಣುವಂತೆ ಬಿಟ್ಟಿದ್ದೇವೆ, ಒಣಗಲಿ ಅಂತ. ಬರುವ ಪಾರ್ಟಿಗೆಲ್ಲ ಇಲ್ಲಿ ಹೀಗಾಗಿತ್ತು, ಹೀಗೆ ಮಾಡಿಸಿದ್ದೇವೆ ಎಂದು ಮೊದಲೇ ಹೇಳಿಬಿಡಿ ಎಂದು ಬ್ರೋಕರಿಗೆ ಖಡಾಖಂಡಿತವಾಗಿ ಹೇಳಿದ್ದೇನೆ. ಸುಮ್ನೆ ಮುಚ್ಚಿಡುವುದು ಬೇಡ, ಹೇಗೂ ಯಾರೋ ಒಬ್ಬ ಅಜ್ಜ ಬಂದೇ ಬರುತ್ತಾರೆ.

ನಾಳೆ ಇನ್ನೊಂದು ಪಾರ್ಟಿ ಇದೆ. ಈಗ ತಾನೇ ಬ್ರೋಕರ್ ಫೋನ್ ಮಾಡಿದ್ದರು. ರಾತ್ರಿಯೆಲ್ಲ ಯೋಚನೆ ಮಾಡಿ ಒಂದು ದಾರಿ ಕಂಡುಹಿಡಿದಿದ್ದಾರಂತೆ.

"ಸಾರ್, ಹೇಳೋದು ಹೇಳೋಣ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಒಂದು ಅಕ್ವೇರಿಯಂ ಇಟ್ಟುಬಿಡಿ. ಮೀನಿನ ಹಿಂದೆ ಗೋಡೆ ಒದ್ದೆ ಇದ್ರೆ ಯಾರು ಸಾರ್ ಕೇಳ್ತಾರೆ?"